ಸಹಿ ಮಾತ್ರ ಅವರದು

2019ರ ಜುಲೈ, ಒಂದು ಮಂಗಳವಾರ. ಬೆಳಗ್ಗೆ ಎಂಟೂವರೆಗೆ ನಾನು ಕಂಪನಿಯ ಆಡಿಟೋರಿಯಂನಲ್ಲಿ ಟೆಲಿಪ್ರಾಂಪ್ಟರ್ ನಡೆಸುವವನ ಪಕ್ಕ ಕೂತಿದ್ದೆ. ಪರದೆಯ ಮೇಲೆ '7.4' ಅಂತ ಇದ್ದದ್ದನ್ನು ತೆಗೆಸಿ ಅಕ್ಷರದಲ್ಲಿ 'ಸೆವೆನ್ ಪಾಯಿಂಟ್ ಫೋರ್' ಅಂತ ಹಾಕಿಸುತ್ತಿದ್ದೆ. ನಮ್ಮ ಸಿಇಒಗೆ ಅಂಕಿ ಕಂಡರೆ ನಾಲಿಗೆ ತಡವರಿಸುತ್ತದೆ. ಅಕ್ಷರದಲ್ಲಿದ್ದರೆ ಸಲೀಸು. ಇದು ಯಾರಿಗೂ ಗೊತ್ತಿಲ್ಲ. ಗೊತ್ತಾಗದಂತೆ ನೋಡಿಕೊಳ್ಳುವುದಕ್ಕೇ ನನಗೆ ಸಂಬಳ.

ಅಷ್ಟರಲ್ಲಿ ಕಂಪನಿಯ ವಲಸೆ ವಕೀಲರ ಮೇಲ್ ಬಂತು. ಮೇಲಿನ ಸಾಲಿನಲ್ಲಿ ನನ್ನ ಹೆಸರು, ಪಕ್ಕದಲ್ಲಿ ಮೂರಕ್ಷರ: ಆರ್‌ಎಫ್‌ಇ.

ಅಮೆರಿಕದಲ್ಲಿ ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುವುದಾದರೆ, 'ನೀವು ಕೊಟ್ಟ ಕಾಗದ ಸಾಲದು, ಇನ್ನಷ್ಟು ಸಾಕ್ಷಿ ತನ್ನಿ' ಅಂತ ವಲಸೆ ಇಲಾಖೆ ಕಳಿಸುವ ನೋಟಿಸು. ಇಲ್ಲ ಅಂದಿಲ್ಲ, ಹೂಂ ಅಂತಲೂ ಅಂದಿಲ್ಲ. ಉತ್ತರ ಕೊಡಲು ಹೆಚ್ಚೆಂದರೆ 84 ದಿನ. ನನ್ನ ವೀಸಾ ಅವಧಿ ಮುಗಿಯುವುದು ಸೆಪ್ಟೆಂಬರ್ 30ಕ್ಕೆ.

ಫೋನು ಜೇಬಿಗೆ ಹಾಕಿದೆ. ಹತ್ತು ಗಂಟೆಗೆ ಟೌನ್‌ಹಾಲ್, ಅಂದರೆ ನೌಕರರೆಲ್ಲ ಸೇರುವ ಸಭೆ ಇತ್ತು. ಹನ್ನೆರಡು ನಿಮಿಷದ ಭಾಷಣ. ಸಿಇಒ ನಿಮಿಷಕ್ಕೆ ಸುಮಾರು 130 ಪದ ಮಾತಾಡುತ್ತಾರೆ. ಹಾಗಾಗಿ ಸಾವಿರದೈನೂರು ಪದ ದಾಟುವಂತಿಲ್ಲ. ಲೆಕ್ಕ ಹಾಕುತ್ತಾ ಕೂತೆ. ಭಯ ಆದಾಗ ಲೆಕ್ಕ ಒಳ್ಳೆಯದು.

ನನ್ನ ಕೆಲಸದ ಹೆಸರು ಎಕ್ಸಿಕ್ಯುಟಿವ್ ಕಮ್ಯುನಿಕೇಷನ್ಸ್. ದೊಡ್ಡವರು ಬಾಯಿ ಬಿಟ್ಟಾಗ ಏನು ಹೊರಗೆ ಬರಬೇಕು ಅನ್ನುವುದನ್ನು ಮೊದಲೇ ಬರೆದಿಡುವುದು. ಭಾಷಣ, ಷೇರುದಾರರಿಗೆ ವರ್ಷದ ಪತ್ರ, ಲಿಂಕ್ಡ್‌ಇನ್‌ನಲ್ಲಿ ಅವರ ಹೆಸರಿನ ಬರಹ, ಯಾರಾದರೂ ನೌಕರರು ತೀರಿಕೊಂಡರೆ ಮನೆಯವರಿಗೆ ಹೋಗುವ ಪತ್ರ. ಒಮ್ಮೆ ಅಮ್ಮ ಫೋನಿನಲ್ಲಿ, "ಅಲ್ಲಾ, ನೀನು ಅಲ್ಲಿ ನಿಜವಾಗಿ ಏನು ಮಾಡ್ತೀಯ?" ಅಂತ ಕೇಳಿದರು. ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ಅವರಿಗೆ ಮಾತಾಡೋಕೆ ಬರಲ್ವಾ?" ಅಂದರು. ಬರುತ್ತೆ ಅಮ್ಮ, ಪುರುಸೊತ್ತಿಲ್ಲ ಅಷ್ಟೆ ಅಂತ ಹೇಳಿ ಪಾರಾದೆ.

ವೀಸಾ ಸಿಕ್ಕಿದ್ದು 2016ರಲ್ಲಿ. ಆ ವರ್ಷ 2,36,000ಕ್ಕೂ ಹೆಚ್ಚು ಅರ್ಜಿ ಬಿದ್ದಿದ್ದವು. ಇದ್ದ ಜಾಗ 65,000, ಜೊತೆಗೆ ಅಮೆರಿಕದಲ್ಲಿ ಮಾಸ್ಟರ್ಸ್ ಮಾಡಿದವರಿಗೆ ಇನ್ನೂ 20,000. ಲಾಟರಿಯಲ್ಲಿ ನನ್ನ ಹೆಸರು ಬಂತು. ಇದೇ ಕೆಲಸ, ಇದೇ ಕಂಪನಿ, ಇದೇ ವಿವರ. ಆಗ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಮೂರು ವರ್ಷ ಕಳೆದು ಮುಂದುವರಿಸಲು ಹೋದಾಗ ಕೇಳಿದರು. ಯಾಕೆಂದರೆ 2017ರ ಅಕ್ಟೋಬರ್‌ನಲ್ಲಿ ನೀತಿ ಬದಲಾಗಿತ್ತು. ಹಿಂದೆ ಒಪ್ಪಿದ್ದನ್ನೇ ನೆಚ್ಚಿಕೊಂಡು ಒಪ್ಪಬೇಕಿಲ್ಲ, ಮುಂದುವರಿಕೆಯ ಅರ್ಜಿಯನ್ನೂ ಹೊಸದರಂತೆ ನೋಡಿ ಅಂತ. (2021ರಲ್ಲಿ ಹಳೇ ಪದ್ಧತಿ ವಾಪಸ್ ಬಂತು. ನನಗೆ ಉಪಯೋಗಕ್ಕೆ ಬರಲಿಲ್ಲ.)

ಟೌನ್‌ಹಾಲ್ ಚೆನ್ನಾಗಿ ಆಯಿತು. ಜನ ನಗಬೇಕಾದ ಕಡೆ ನಕ್ಕರು. ನನ್ನ ಪಕ್ಕದವರೊಬ್ಬರು, "ಇವರು ಎಷ್ಟು ಸಹಜವಾಗಿ ಮಾತಾಡ್ತಾರೆ ಅಲ್ವಾ" ಅಂದರು. ಹೌದು ಅಂದೆ.

ಮಧ್ಯಾಹ್ನ ನೋಟಿಸಿನ ಪ್ರತಿ ಓದಿದೆ. ಎಚ್-1ಬಿ ಸಿಗಬೇಕಾದರೆ ಕೆಲಸವು 'ಸ್ಪೆಷಾಲಿಟಿ ಆಕ್ಯುಪೇಷನ್' ಆಗಿರಬೇಕು. ಅಂದರೆ ಒಂದು ನಿರ್ದಿಷ್ಟ ವಿಷಯದಲ್ಲಿ ಕನಿಷ್ಠ ಪದವಿ ಇಲ್ಲದೆ ಮಾಡಲಾಗದ ಕೆಲಸ. ಇದನ್ನು ತೋರಿಸಲು ನಾಲ್ಕು ದಾರಿಗಳಿವೆ, ಒಂದಾದರೂ ಹೊಂದಬೇಕು. ಅಧಿಕಾರಿಗಳು ಮೊದಲು ತೆಗೆಯುವ ಪುಸ್ತಕ ಕಾರ್ಮಿಕ ಇಲಾಖೆಯ ಉದ್ಯೋಗ ಕೈಪಿಡಿ. ಸಾರ್ವಜನಿಕ ಸಂಪರ್ಕದ ಕೆಲಸಕ್ಕೆ ಸಾಮಾನ್ಯವಾಗಿ ಪಬ್ಲಿಕ್ ರಿಲೇಷನ್ಸ್, ಪತ್ರಿಕೋದ್ಯಮ, ಕಮ್ಯುನಿಕೇಷನ್ಸ್, ಇಂಗ್ಲಿಷ್ ಅಥವಾ ಬಿಸಿನೆಸ್ ಪದವಿ ಬೇಕು ಅಂತ ಆಗ ಅದರಲ್ಲಿತ್ತು. ಅಲ್ಲೇ ಸಿಕ್ಕಿಬಿದ್ದದ್ದು. ಇಷ್ಟೊಂದು ಬೇರೆ ಬೇರೆ ಪದವಿ ನಡೆಯುತ್ತದೆ ಅಂದಮೇಲೆ ಇದು ನಿರ್ದಿಷ್ಟ ವಿದ್ಯೆಯ ಕೆಲಸ ಹೇಗಾಯಿತು ಅನ್ನುವುದು ಪ್ರಶ್ನೆ.

ಆ ಕಾಲದಲ್ಲಿ ಸಾಫ್ಟ್‌ವೇರ್ ಗೆಳೆಯರಿಗೂ ನೋಟಿಸುಗಳು ಬರುತ್ತಿದ್ದವು. ಆದರೆ ಕೋಡ್ ಬರೆಯಲು ಓದಿರಬೇಕು ಅಂದರೆ ದಾರಿಹೋಕನೂ ಒಪ್ಪುತ್ತಾನೆ. ವಾಕ್ಯ ಬರೆಯಲು ಓದಿರಬೇಕು ಅಂದರೆ? ಬರೆಯೋಕೆ ಯಾರಿಗೆ ಬರಲ್ಲ! ನೋಟಿಸಿನ ಎಲ್ಲ ಸಾಲುಗಳ ಅಡಿಯಲ್ಲಿ ನನಗೆ ಕೇಳಿಸಿದ್ದು ಇದೇ ಮಾತು. ಅಧಿಕಾರಿಯ ಮೇಲೆ ಕೋಪ ಬರಲಿಲ್ಲ. ಆಫೀಸಿನಲ್ಲೂ ವಾರಕ್ಕೊಬ್ಬರಾದರೂ ಹಾಗೆ ಅಂದುಕೊಂಡೇ ನನ್ನ ಡ್ರಾಫ್ಟ್ ತಿದ್ದುತ್ತಾರೆ.

ಮೂರು ಗಂಟೆಗೆ ವಕೀಲರು ಕರೆ ಮಾಡಿದರು. "ನಿಮ್ಮ ಕೆಲಸವನ್ನು ಶೇಕಡಾವಾರು ಒಡೆದು ಕೊಡಿ. ಮೊದಲ ಅರ್ಜಿಯಲ್ಲಿ ತೀರಾ ತೆಳುವಾಗಿದೆ." ಹೇಳುತ್ತಾ ಹೋದೆ. ಭಾಷಣ ಮತ್ತು ಪತ್ರಗಳು ಶೇ. 35. ಟೌನ್‌ಹಾಲ್ ತಯಾರಿ ಶೇ. 20. ಕಷ್ಟದ ಪ್ರಶ್ನೆಗಳ ಪಟ್ಟಿ ಮಾಡಿ ಉತ್ತರ ಸಿದ್ಧಪಡಿಸುವುದು ಶೇ. 20. ಕಾನೂನು ಮತ್ತು ಹಣಕಾಸು ವಿಭಾಗದ ಜೊತೆ ಪ್ರತಿ ಸಾಲು ತಾಳೆ ನೋಡುವುದು ಶೇ. 15. ಉಳಿದ ಹತ್ತು?

"ಏನನ್ನು ಹೇಳಬೇಡಿ ಅಂತ ಹೇಳೋದು," ಅಂದೆ.

ಆ ಕಡೆ ಕೀಬೋರ್ಡ್ ನಿಂತಿತು. "ಅದನ್ನು ಕಾರ್ಯತಂತ್ರದ ಸಲಹೆ ಅಂತ ಬರೆಯೋಣ."

ನಿಜ ಹೇಳಬೇಕೆಂದರೆ ಕೆಲಸದ ಕಷ್ಟವೆಲ್ಲ ಆ ಹತ್ತರಲ್ಲೇ ಇದೆ. ಷೇರುಪೇಟೆಯಲ್ಲಿರುವ ಕಂಪನಿಯ ಮುಖ್ಯಸ್ಥರು ಸುಮ್ನೆ ಒಂದು ಮಾತು ಜಾಸ್ತಿ ಆಡಿದರೂ ತಲೆನೋವು. ರೆಗ್ಯುಲೇಷನ್ ಎಫ್‌ಡಿ ಅಂತ 2000ನೇ ಇಸವಿಯ ನಿಯಮವೊಂದಿದೆ. ಷೇರು ಬೆಲೆ ಅಲುಗಾಡಿಸುವಂಥ ಸುದ್ದಿಯನ್ನು ಹೂಡಿಕೆದಾರರಲ್ಲಿ, ವಿಶ್ಲೇಷಕರಲ್ಲಿ ಕೆಲವರಿಗೆ ಮಾತ್ರ ಗುಟ್ಟಾಗಿ ಹೇಳುವಂತಿಲ್ಲ, ಎಲ್ಲರಿಗೂ ಒಟ್ಟಿಗೆ ಹೇಳಬೇಕು. 'ಈ ಸಲ ಚೆನ್ನಾಗಿದೆ' ಅನ್ನುವ ಮೂರು ಪದವನ್ನು ಯಾವಾಗ, ಯಾರ ಮುಂದೆ ಆಡಬಹುದು ಅನ್ನುವುದಕ್ಕೆ ನಾನು ಅರ್ಧ ದಿನ ಕಳೆದದ್ದುಂಟು. ಇದನ್ನು ಹೇಳಿದಾಗ ವಕೀಲರಿಗೆ ಖುಷಿಯಾಯಿತು. ಮೊದಲೇ ಯಾಕೆ ಹೇಳಲಿಲ್ಲ ಅಂತ ಬೈದರು.

ಆಮೇಲೆ ಕೆಲಸದ ಮಾದರಿ ಕೇಳಿದರು.

ಇಲ್ಲಿ ನಿಜವಾಗಿ ತಡವರಿಸಿದೆ. ಮೂರು ವರ್ಷದಲ್ಲಿ ನಾನು ಬರೆದ ಯಾವುದರ ಮೇಲೂ ನನ್ನ ಹೆಸರಿಲ್ಲ. ಎಲೆಮರೆಯ ಕಾಯಿ ಅಂತ ಹೊಗಳುತ್ತಾರಲ್ಲ, ಆ ಕಾಯಿಗೆ ಈಗ ಮರ ತನ್ನದೇ ಅಂತ ರುಜುವಾತು ಕೊಡಿ ಅಂದ ಹಾಗೆ. ಕೊನೆಗೆ ಸಿಕ್ಕ ಸಾಕ್ಷಿ ವರ್ಡ್ ಫೈಲಿನಲ್ಲಿ ಯಾರು ಏನು ತಿದ್ದಿದರು ಅಂತ ತೋರಿಸುವ ಟ್ರ್ಯಾಕ್ ಚೇಂಜಸ್. ಅಂಚಿನಲ್ಲಿ ಬಣ್ಣದ ಗೆರೆ, ಅದರ ಪಕ್ಕ ಸಣ್ಣಗೆ ನನ್ನ ಹೆಸರು. ಕಳಿಸುವ ಮುಂಚೆ ಯಾವಾಗಲೂ ಅಳಿಸುತ್ತಿದ್ದೆ. ಅಳಿಸದೆ ಉಳಿದಿದ್ದ ಹಳೇ ಫೈಲುಗಳನ್ನು ಹುಡುಕಿದೆ. ಗುಟ್ಟಿನ ಭಾಗಗಳಿಗೆ ಕಪ್ಪು ಪಟ್ಟಿ ಎಳೆದರು. ಒಂದು ಪುಟದಲ್ಲಂತೂ ಎಲ್ಲ ಮಾತೂ ಕಪ್ಪಾಗಿ ಅಂಚಿನ ನನ್ನ ಹೆಸರಷ್ಟೇ ಉಳಿಯಿತು. ನೋಡಿ ನಗು ಬಂತು.

ಹೆಸರಿನ ಮಾತು ಬಂದಾಗ ಇನ್ನೊಂದು ನೆನಪು. ಎಚ್-1ಬಿ ಅರ್ಜಿಗೆ ಮುಂಚೆ ಕಂಪನಿಯು ಕಾರ್ಮಿಕ ಇಲಾಖೆಗೆ ಒಂದು ಘೋಷಣೆ ಕೊಡಬೇಕು. ಅದರ ನೋಟಿಸನ್ನು ಆಫೀಸಿನಲ್ಲಿ ಎದ್ದು ಕಾಣುವ ಎರಡು ಕಡೆ ಹತ್ತು ದಿನ ಹಚ್ಚಬೇಕು. ಕೆಲಸ ಯಾವುದು, ಸಂಬಳ ಎಷ್ಟು ಎಲ್ಲ ಇರುತ್ತದೆ, ಹೆಸರು ಮಾತ್ರ ಇರಲ್ಲ. ನಮ್ಮಲ್ಲಿ ಅದನ್ನು ಕಾಫಿ ಮೆಷಿನ್ ಪಕ್ಕ ಹಚ್ಚಿದ್ದರು. ಆ ಮಹಡಿಯಲ್ಲಿ ಆ ಕೆಲಸ ಮಾಡುವ, ವೀಸಾ ಮೇಲಿರುವ ಮನುಷ್ಯಪ್ರಾಣಿ ಒಂದೇ. ಹತ್ತು ದಿನ ನಾನು ಕಾಫಿಗೆ ಕೆಳಗಿನ ಮಹಡಿಗೆ ಹೋದೆ.

ಸಂಜೆ ಎಚ್‌ಆರ್‌ನಿಂದ ಕೊನೆಯ ಬೇಡಿಕೆ ಬಂತು. ಅರ್ಜಿಗೆ ಎಚ್‌ಆರ್ ಸಹಿ ಸಾಕು, ಆದರೆ ಸಿಇಒ ಕಡೆಯಿಂದಲೂ ಒಂದು ಪತ್ರ ಇದ್ದರೆ ಗಟ್ಟಿ ಅಂತ ವಕೀಲರ ಅಭಿಪ್ರಾಯ. "ಅವರ ಪತ್ರ ಅಂದ್ರೆ... ಹೇಗೂ ನೀವೇ ಅಲ್ವಾ ಬರೆಯೋದು? ಡ್ರಾಫ್ಟ್ ಕಳಿಸಿಬಿಡಿ." ಹೇಳಿದವರಿಗೆ ಇದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ.

ರಾತ್ರಿ ಕೂತೆ. ಅವರ ದನಿ ನನಗೆ ಬಾಯಿಪಾಠ. ಚಿಕ್ಕ ವಾಕ್ಯ. ವಿಶೇಷಣ ಕಡಿಮೆ. ಮುಖ್ಯ ಮಾತಿಗೆ ಮುಂಚೆ 'ನೋಡಿ' ಅಂತ ಶುರು. ಯಾರ ಬಗ್ಗೆ ಬೇಕಾದರೂ ಅವರಂತೆ ಹತ್ತು ನಿಮಿಷದಲ್ಲಿ ಬರೆಯಬಲ್ಲೆ. ನನ್ನ ಬಗ್ಗೆ ಬರೆಯಲು ಹೋದರೆ ಕೈ ಓಡಲಿಲ್ಲ. ಮೊದಲ ಡ್ರಾಫ್ಟಿನಲ್ಲಿ ಸಂಕೋಚ. ಎರಡನೆಯದರಲ್ಲಿ ನಾನಿಲ್ಲದೆ ಕಂಪನಿಯೇ ನಡೆಯಲ್ಲ ಅನ್ನುವ ಹಾಗಿತ್ತು. ಮೂರನೆಯದನ್ನು ವಕೀಲರಿಗೆ ಕಳಿಸಿದೆ. ಅವರು ಅರ್ಧ ಹೊಡೆದುಹಾಕಿ ಒಂದು ಟಿಪ್ಪಣಿ ಬರೆದರು: ನೀವು ಎಷ್ಟು ಚೆನ್ನಾಗಿ ಬರೆಯುತ್ತೀರಿ ಅನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ. ಆ ಕುರ್ಚಿಯಲ್ಲಿ ಯಾರೇ ಕೂತರೂ ಯಾವ ಪದವಿ ಬೇಕು, ಅಷ್ಟನ್ನೇ ಬರೆಯಿರಿ.

ಓದಿ ಹಗುರಾಯಿತು. ಹೊಗಳಿಕೆಯೆಲ್ಲ ಹೋಯಿತು. ಕುರ್ಚಿಯ ಬಗ್ಗೆ ಬರೆಯುವುದು ಸುಲಭ.

ಗುರುವಾರ ಸಿಇಒ ಕೋಣೆಯಲ್ಲಿ ಹತ್ತು ನಿಮಿಷ ಸಿಕ್ಕಿತು. ಅವರು ಪತ್ರವನ್ನು ನಿಧಾನಕ್ಕೆ ಓದಿದರು. ಭಾಷಣಗಳನ್ನೂ ಅಷ್ಟು ನಿಧಾನಕ್ಕೆ ಓದಿದ್ದು ನಾನು ನೋಡಿಲ್ಲ. ಆಮೇಲೆ ಯಾವಾಗಲೂ ಹೇಳುವ ಮಾತು ಹೇಳಿದರು. "ನಾನು ಹೀಗೆ ಮಾತಾಡಲ್ಲ."

"ವಕೀಲರು ಹೀಗೆ ಮಾತಾಡ್ತಾರೆ," ಅಂದೆ.

ಪೆನ್ನು ತೆಗೆದರು. ಕೊನೆಯ ಪ್ಯಾರಾದ ಕೆಳಗೆ ಏನೋ ಗೀಚಿ ಕಾಗದ ನನ್ನ ಕಡೆ ತಳ್ಳಿದರು. 'ನಾವು ಗೋದಾಮು ಮುಚ್ಚಿದಾಗ ಕುಟುಂಬ ಅನ್ನೋ ಪದ ತೆಗೆಸಿದ್ದು ಈ ವ್ಯಕ್ತಿ ಅದು ಸರಿ ಇತ್ತು.' ನಡುವೆ ಅಲ್ಪವಿರಾಮವೂ ಇಲ್ಲ, ಚುಕ್ಕಿಯೂ ಇಲ್ಲ.

ಅದು 2017ರ ಮಾತು. ಒಂದು ಗೋದಾಮು ಮುಚ್ಚುವ ದಿನ ಅವರು ನೌಕರರಿಗೆ ಮಾತಾಡಬೇಕಿತ್ತು. 'ನಾವೆಲ್ಲ ಒಂದೇ ಕುಟುಂಬ' ಅಂತ ಶುರು ಮಾಡಬೇಕು ಅಂತ ಹಟ ಹಿಡಿದಿದ್ದರು. ಮನೆಯವರಿಗೆ ಯಾರೂ ಇಂಥ ತಾರೀಖು ನಿಮ್ಮ ಕೊನೇ ದಿನ ಅಂತ ಹೇಳಲ್ಲ ಸರ್, ಆ ಪದ ಬೇಡ ಅಂದೆ. ಸಿಟ್ಟಾಗಿ ಎದ್ದು ಹೋಗಿದ್ದರು. ವೇದಿಕೆಯಲ್ಲಿ ಆ ಪದ ಆಡಲಿಲ್ಲ. ಆಮೇಲೆ ಆ ವಿಷಯ ನಮ್ಮ ನಡುವೆ ಮತ್ತೆ ಬಂದೇ ಇರಲಿಲ್ಲ. ನಾನು ಅವತ್ತು ಮಾಡಿದ ಇನ್ನೊಂದು ಕೆಲಸ ಅವರಿಗೆ ಈಗಲೂ ಗೊತ್ತಿರಲಿಕ್ಕಿಲ್ಲ. ಪ್ರಶ್ನೋತ್ತರದ ಪಟ್ಟಿಗೆ ಹದಿನಾಲ್ಕನೇ ಪ್ರಶ್ನೆಯಾಗಿ 'ವೀಸಾ ಮೇಲೆ ಇರುವವರ ಗತಿ ಏನು?' ಅಂತ ಸೇರಿಸಿದೆ. ಬೇರೆ ಯಾರಿಗೂ ಅದು ಹೊಳೆದಿರಲಿಲ್ಲ. ಉತ್ತರವಾದ ನಿಯಮ ಆ ವರ್ಷದ ಜನವರಿಯಿಂದಷ್ಟೇ ಜಾರಿಗೆ ಬಂದಿತ್ತು: ಕೆಲಸ ಹೋದಮೇಲೆ ಹೆಚ್ಚೆಂದರೆ 60 ದಿನ, ಅಷ್ಟರಲ್ಲಿ ಬೇರೆ ಕಂಪನಿ ಅರ್ಜಿ ಹಾಕಬೇಕು, ಇಲ್ಲವೇ ಹೊರಡಬೇಕು.

ಅವರ ಸಾಲಿಗೆ ಚುಕ್ಕಿ ಹಾಕಲು ಕೈ ತುರಿಸಿತು. ಹಾಕಲಿಲ್ಲ. ಹಾಗೇ ಟೈಪ್ ಮಾಡಿ ಕಳಿಸಿದೆ.

ಒಂದು ಗಂಟೆಯಲ್ಲಿ ವಕೀಲರ ಉತ್ತರ ಬಂತು. ಕೊನೆಯ ಸಾಲು ತೆಗೆದಿದ್ದರು. ಜನರನ್ನು ಕೆಲಸದಿಂದ ತೆಗೆದ ವಿಷಯ ಎಚ್-1ಬಿ ಕಾಗದದಲ್ಲಿ ಯಾಕೆ ಬೇಕು, ನಾಲ್ಕು ದಾರಿಗಳಲ್ಲಿ ಇದು ಯಾವುದಕ್ಕೂ ಸಂಬಂಧ ಇಲ್ಲ ಅಂತ. ಸರಿಯಾದ ಮಾತು. ನಾನೇ ಆ ಜಾಗದಲ್ಲಿದ್ದರೂ ತೆಗೆಯುತ್ತಿದ್ದೆ.

ಆಗಸ್ಟ್ ಎರಡನೇ ವಾರ ಉತ್ತರ ಹೋಯಿತು. ಪತ್ರಗಳು, ಕಪ್ಪು ಪಟ್ಟಿಯ ಪುಟಗಳು, ಬೇರೆ ಕಂಪನಿಗಳು ಇದೇ ಕೆಲಸಕ್ಕೆ ಕೊಟ್ಟ ಜಾಹೀರಾತುಗಳು, ಒಬ್ಬ ಪ್ರೊಫೆಸರ್ ಅಭಿಪ್ರಾಯ, ಎಲ್ಲ ಸೇರಿ ಒಂದು ದಪ್ಪ ಕಟ್ಟು. ಕಂಪನಿ ಆಗಿನ 1,410 ಡಾಲರ್ ಪ್ರೀಮಿಯಂ ಶುಲ್ಕ ಕಟ್ಟಿತ್ತು. ಹಾಗಾಗಿ 15 ದಿನದೊಳಗೆ ತೀರ್ಮಾನ ಬರಬೇಕಿತ್ತು. ಹನ್ನೊಂದನೇ ದಿನ ಒಪ್ಪಿಗೆ ಬಂತು. 2022ರ ಸೆಪ್ಟೆಂಬರ್‌ವರೆಗೆ. ಎಲ್ಲ ಕಾಗದದಲ್ಲಿ ಯಾವುದು ಕೆಲಸ ಮಾಡಿತು ಅಂತ ಯಾರೂ ಹೇಳುವುದಿಲ್ಲ. ಒಪ್ಪಿದಾಗ ಕಾರಣ ಕೊಡುವ ಪದ್ಧತಿ ಇಲ್ಲ.

ಮುಂದಿನ ವಾರ ಒಂದು ಸಮ್ಮೇಳನಕ್ಕೆ ಹೋಗುವಾಗ ಲಿಫ್ಟಿನಲ್ಲಿ ಸಿಇಒ ಜೊತೆಗಿದ್ದರು. ನಾನು ಅವರ ಕೈಗೆ ಭಾಷಣದ ಕಾರ್ಡುಗಳನ್ನು ಕೊಟ್ಟೆ. ಅವರು ಕಾರ್ಡು ನೋಡದೆ, "ನಿಮ್ಮದು ಆಯ್ತಂತೆ?" ಅಂದರು. ಆಯ್ತು ಅಂದೆ.

"ನನ್ನ ಸಾಲು ಇಟ್ಟಿದ್ರಾ?"

"ಇಲ್ಲ ಸರ್. ವಕೀಲರು ತೆಗೆದರು."

ಅವರು ಮಹಡಿಯ ನಂಬರು ಬದಲಾಗುವುದನ್ನೇ ನೋಡುತ್ತಿದ್ದರು.

"ಅದೊಂದೇ ಅಲ್ವಾ ನಾನು ಬರೆದಿದ್ದು?" ಅಂದರು.