“ಇದು ಇನ್ನೂ ನಡೀತದೇನ್ರೀ?” ಅಂತ ಕೇಳುವವರಿಗೆ

ಹುಬ್ಬಳ್ಳಿಯ ನನ್ನ ಕೋಣೆಗೆ ಬಂದವರೆಲ್ಲ ಕಪಾಟಿನಲ್ಲಿರುವ ಹಳೇ ಮೆಗ್ಗರ್ (ಮೋಟಾರಿನ ತಂತಿಸುತ್ತಿನಿಂದ ಕರೆಂಟ್ ಸೋರುತ್ತದೋ ಅಂತ ನೋಡುವ ಮೀಟರ್), ಆವೋಮೀಟರ್ (ವೋಲ್ಟ್, ಕರೆಂಟ್, ಓಮ್ಸ್ ಅಳೆಯುವುದು) ನೋಡಿ ಇದನ್ನೇ ಕೇಳುತ್ತಾರೆ. ನಡೀತದೆ. ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಸಿಟ್ಟು ಬರುವುದು ಎರಡನೇ ಮಾತಿಗೆ. “ಮುಳ್ಳು ಸತ್ತದ ಬಿಡ್ರಿ.” ಮುಟ್ಟಿಯೂ ನೋಡಿರುವುದಿಲ್ಲ!

ಗೋಕುಲ ರಸ್ತೆ ಕಡೆಯ ಒಂದು ಮೋಟಾರ್ ವೈಂಡಿಂಗ್ ಅಂಗಡಿ ಮುಚ್ಚಿತು. ಆ ಮನೆಯ ಹುಡುಗ ಗೋಣಿಚೀಲದಲ್ಲಿ ಒಂದು ಪೆಟ್ಟಿಗೆ ಸುತ್ತಿಕೊಂಡು ಬಂದ. “ಕಾಕಾ, ಗುಜರಿಯವ ತೂಕಕ್ಕ ಹಾಕು ಅಂದ. ಮುಳ್ಳು ಎಲ್ಲೆಂದ್ರಲ್ಲೆ ನಿಲ್ತದ. ಸ್ಪ್ರಿಂಗ್ ಹೋಗೇದಂತ.”

ಹೆಸರಿನ ಪಟ್ಟಿ ಉದುರಿತ್ತು. ಆದರೆ ಸ್ಕೇಲಿನ ಒಂದು ತುದಿಗೆ ಸೊನ್ನೆ, ಇನ್ನೊಂದು ತುದಿಗೆ ಅನಂತದ ಗುರುತು. ಟರ್ಮಿನಲ್‌ಗಳ ಮೇಲೆ ಲೈನ್, ಅರ್ಥ್. ಪಕ್ಕದಲ್ಲಿ ತಿರುಗಿಸುವ ಹ್ಯಾಂಡಲ್. ಇಷ್ಟು ಸಾಕು, ಕೈ ಮೆಗ್ಗರ್. ಇದು 500 ವೋಲ್ಟಿನದು. ಮೆಗ್ಗರ್ ಅನ್ನುವ ಹೆಸರು 1903ರಿಂದ ಇದೆ.

ಇದರಲ್ಲಿ ಸ್ಪ್ರಿಂಗ್ ಇರುವುದೇ ಇಲ್ಲ. ಮುಳ್ಳಿಗೆ ಎರಡು ಕಾಯಿಲ್, ಅಂದರೆ ತಂತಿಯ ಸುರುಳಿ. ಒಂದು, ಹ್ಯಾಂಡಲ್ ತಿರುಗಿಸುವ ಒಳಗಿನ ಜನರೇಟರಿನ ವೋಲ್ಟೇಜಿಗೆ ಎಳೆಯುತ್ತದೆ, ಇನ್ನೊಂದು ವೈಂಡಿಂಗ್‌ನಿಂದ ಸೋರುವ ಕರೆಂಟಿಗೆ. ಎರಡರ ಜಗ್ಗಾಟ ಎಲ್ಲಿ ಸಮ ಆಗುತ್ತದೋ ಅಲ್ಲಿ ಮುಳ್ಳು ನಿಲ್ಲುತ್ತದೆ. ಹ್ಯಾಂಡಲ್ ತಿರುಗಿಸದೆ ಸುಮ್ನೆ ಇಟ್ಟರೆ ಮುಳ್ಳು ಎಲ್ಲಿ ಬೇಕಾದರೂ ಇರುತ್ತದೆ, ಇರಬೇಕು ಕೂಡ. ಅದನ್ನು ಸತ್ತಿದೆ ಅಂತ ತೂಕಕ್ಕೆ ಹಾಕುವುದು ಎಷ್ಟು ಅನ್ಯಾಯ ಅಲ್ವಾ?

ಹುಡುಗ ಒಂದು ತಪ್ಪು ಮಾಡಿದ್ದ. ಸರಿ ಮಾಡೋಣ ಅಂತ ಹೊಲಿಗೆ ಮಷಿನ್ ಎಣ್ಣೆ ಬಿಟ್ಟಿದ್ದ. ಮುಳ್ಳಿನ ಕಡ್ಡಿಯ ತುದಿ ಕೂರುವುದು ಸಣ್ಣ ಕಲ್ಲಿನ ಕುಳಿಯಲ್ಲಿ. ಅಲ್ಲಿಗೆ ಎಣ್ಣೆ ಹಾಕಲೇಬಾರದು, ಧೂಳು ಹಿಡಿದು ಅಂಟಾಗುತ್ತದೆ. ಬೇರೊಂದು ಸಣ್ಣ ಕಡ್ಡಿಯ ತುದಿಯನ್ನು ಎಣ್ಣೆ ಬಿಡಿಸುವ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ, ಕನ್ನಡಕ ಹಾಕಿಕೊಂಡು ಎರಡು ಸಂಜೆ ಒರೆಸಿದೆ. ಅಯಸ್ಕಾಂತ ಬಿಚ್ಚಲಿಲ್ಲ, ಬಿಚ್ಚಿದರೆ ಅದರ ಬಲ ಕಡಿಮೆಯಾಗುತ್ತದೆ.

“ಡಿಜಿಟಲ್ ಮೀಟರ್ ಅಗ್ಗ ಸಿಗ್ತದಲ್ರೀ” ಅನ್ನುವವರೂ ಇದ್ದಾರೆ. ಸಿಗುತ್ತದೆ, ನನ್ನ ಹತ್ತಿರವೂ ಇದೆ. ಆದರೆ ಅದು ಓಮ್ಸ್ ನೋಡುವುದು ಒಂದೆರಡು ವೋಲ್ಟಿನಲ್ಲಿ. ತೇವ ಹಿಡಿದ ಬಾವಿ ಮೋಟಾರ್ ಅಷ್ಟಕ್ಕೆ ಚೆನ್ನಾಗಿದ್ದಂತೆ ಕಾಣುತ್ತದೆ, 415 ವೋಲ್ಟ್ ಕೊಟ್ಟಾಗ ಮೋಟಾರಿನ ಹೊರಮೈ ಮುಟ್ಟಿದರೆ ಶಾಕ್ ಹೊಡೆಯುತ್ತದೆ. 500 ವೋಲ್ಟ್ ಹಾಕಿ ನೋಡಿದರೆ ಮುಂಚೆಯೇ ತಿಳಿಯುತ್ತದೆ. ಒಂದು ಮೆಗ್‌ಓಮ್‌ಗಿಂತ (ಹತ್ತು ಲಕ್ಷ ಓಮ್ಸ್) ಕಡಿಮೆ ಬಂದರೆ ಮೋಟಾರ್ ಹಾಕುವುದಿಲ್ಲ. ಇಷ್ಟು ಸರಳ.

ನಾನು ಕಾಯುವ ಪ್ರಶ್ನೆ ಬೇರೆ. ಇದು ಸುಳ್ಳು ಹೇಳುತ್ತಿಲ್ಲ ಅಂತ ಹೇಗೆ ಗೊತ್ತು? ಮುಳ್ಳು ಆಡಿದರೆ ಸಾಕು ಅಂತ ಖುಷಿ ಪಡುವವರೇ ಜಾಸ್ತಿ. ತಪ್ಪು ಹೇಳುವ ಮೀಟರ್ ಕೆಟ್ಟ ಮೀಟರಿಗಿಂತ ಅಪಾಯ. ಅದನ್ನು ನಂಬಿ ಮನುಷ್ಯ ಮೋಟಾರ್ ಮುಟ್ಟುತ್ತಾನೆ.

ಚರ್ಮದ ಚೀಲದ ಮುಚ್ಚಳದ ಒಳಗೆ ಒಂದು ಕಾಗದ ಅಂಟಿಸಿತ್ತು. ಪೆನ್ಸಿಲ್ ಅಕ್ಷರ, ಮಾಸಿತ್ತು. “ಬಾವಿ ಮೋಟಾರ್, 5 ಎಚ್‌ಪಿ. ಮಳಿ ಮುಂಚೆ 20. ಮಳಿ ಆದಮ್ಯಾಲೆ 2.” ಅಂಕಿಗಳು ಮೆಗ್‌ಓಮ್‌ನವು. ಹುಡುಗ ಬಹಳ ಹೊತ್ತು ನೋಡಿದ. “ಅಪ್ಪಂದು” ಅಂದ. ಆಮೇಲೆ ಕೇಳಿದ: “ಕಾಕಾ, ಅವತ್ತು ಇದು ಖರೇನ ಹೇಳಿತ್ತೇನು?”

ಒಂದೊಂದು ಮೆಗ್‌ಓಮ್‌ನ ಹತ್ತು ರೆಸಿಸ್ಟರ್ ಸಾಲಾಗಿ ಬೆಸುಗೆ ಹಾಕಿದೆ. ಒಂದಕ್ಕೇ 500 ವೋಲ್ಟ್ ಬೀಳಬಾರದು, ಹತ್ತಕ್ಕೆ ಹಂಚಿದರೆ ತಲಾ 50. ಮೊದಲು ವೈರ್ ಬಿಡಿಸಿ ತಿರುಗಿಸಿದೆವು, ಮುಳ್ಳು ಅನಂತಕ್ಕೆ ಹೋಯಿತು. ಎರಡೂ ವೈರ್ ಕೂಡಿಸಿದೆವು, ಸೊನ್ನೆ. ಕೊನೆಗೆ ರೆಸಿಸ್ಟರಿಗೆ ಸೇರಿಸಿ, “ಕ್ಲಚ್ ಜಾರೂ ತನಕ ತಿರುಗಿಸು” ಅಂದೆ. ವೇಗ ಸಾಕಾದಾಗ ಹ್ಯಾಂಡಲಿನ ಕ್ಲಚ್ ಜಾರುತ್ತದೆ, ನಿಮಿಷಕ್ಕೆ ಸುಮಾರು 160 ಸುತ್ತಿಗೆ. ಹುಡುಗ ಹಲ್ಲು ಕಚ್ಚಿ ತಿರುಗಿಸಿದ, ನಾನು ಗಾಜಿನ ಮೇಲೆ ಬಗ್ಗಿದೆ. ಮುಳ್ಳು ಹತ್ತರ ಗೆರೆಯ ಮೇಲೆ ಬಂದು ನಿಂತಿತು.