ಚಲನ್ ಮೇಲೆ ನಾನು ಬರೆದ ಎರಡಕ್ಷರ

ಪೀಣ್ಯದ ಒಂದು ಪಂಪ್ ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ತೀನಿ. ಹೋದ ವರ್ಷದ ಆ ಶನಿವಾರ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತೆ.

ಎಕ್ಸ್‌ಪೋರ್ಟ್ ಆರ್ಡರಿಗೆ 120 ಮರದ ಕ್ರೇಟ್ ಬೇಕಿತ್ತು. ನಾವು ಕೊಟ್ಟ ಪಿಒ (ಖರೀದಿ ಆರ್ಡರ್) ಪ್ರಕಾರ ಸೋಮವಾರ ಡೆಲಿವರಿ. ದಿನಾ ಫೋನ್ ಮಾಡಿದೆ, ದಿನಾ "ಗಾಡಿ ಹೊರಟಿದೆ ಸಾರ್" ಅಂದ್ರು. ಗುರುವಾರಕ್ಕೆ ವೈಟ್‌ಫೀಲ್ಡ್ ಕಂಟೇನರ್ ಡಿಪೋದಲ್ಲಿ (ಐಸಿಡಿ) ಮಾಲು ಒಪ್ಪಿಸೋ ಕಟ್‌ಆಫ್ ಮುಗೀತು, ಹಡಗು ಕೈತಪ್ಪಿತು. ಗಾಡಿ ಬಂದಿದ್ದು ಶನಿವಾರ ರಾತ್ರಿ 9:40ಕ್ಕೆ.

ಮಳೆ. ಅನ್‌ಲೋಡಿಂಗ್ ಹುಡುಗರು ಆಗಲೇ ಬ್ಯಾಗ್ ಹೆಗಲಿಗೆ ಹಾಕಿಕೊಂಡಿದ್ದರು, ತಲೆಗೆ ನೂರು ರೂಪಾಯಿ ಜಾಸ್ತಿ ಕೊಡ್ತೀನಿ ಅಂತ ನಿಲ್ಲಿಸಿಕೊಂಡೆ. ಶೆಡ್ಡಿನ ಲೈಟ್ ಬೇರೆ ಕೆಟ್ಟಿತ್ತು. ಮೊಬೈಲ್ ಟಾರ್ಚ್ ಹಿಡಿದು ಒಂದೊಂದೇ ಕ್ರೇಟಿನ ಐಎಸ್‌ಪಿಎಂ 15 ಮುದ್ರೆ ನೋಡಿದೆ: ತೆನೆಯ ಗುರುತು, ಐಎನ್, ನಂಬರು, ಎಚ್‌ಟಿ. ಹುಳ ಸಾಯಲಿ ಅಂತ ಮರಕ್ಕೆ ಶಾಖ ಕೊಟ್ಟ ಗುರುತು ಅದು. ಇಲ್ಲದಿದ್ದರೆ ಆ ಕಡೆಯ ಬಂದರಲ್ಲಿ ಮಾಲು ನಿಲ್ಲಿಸ್ತಾರೆ. ಎರಡರಲ್ಲಿ ಶಾಯಿ ಕದಡಿತ್ತು, ಅವನ್ನು ಪಕ್ಕಕ್ಕಿಟ್ಟು ಫೋಟೊ ತೆಗೆದೆ. ನನ್ನಷ್ಟು ಶಿಸ್ತಿನವನು ಇನ್ನೊಬ್ಬನಿಲ್ಲ ಅನ್ನಿಸಿತು.

ಡ್ರೈವರ್ ಚಲನ್ ಚಾಚಿ, "ಸೈನ್ ಹಾಕಿ ಸಾರ್, ರಾತ್ರಿಯೇ ವಾಪಸ್ ಹೋಗ್ಬೇಕು" ಅಂದ. ನಾನು "ಓಕೆ" ಅಂತ ಬರೆದು ಸಹಿ ಹಾಕಿದೆ. ಮಾಲು ಬಂದಿದ್ದಕ್ಕೆ ನಾವು ಮಾಡೋ ಜಿಆರ್‌ಎನ್‌ನಲ್ಲೂ ರಿಮಾರ್ಕ್ಸ್ ಖಾಲಿ ಬಿಟ್ಟೆ. ಅಲ್ಲೊಂದು ಅಕ್ಷರ ಬಿದ್ದರೂ ನಮ್ಮ ಇಆರ್‌ಪಿ ಸಾಫ್ಟ್‌ವೇರ್ ಇಡೀ ಲಾಟನ್ನು ಕ್ಯೂಸಿ ಹೋಲ್ಡಿಗೆ (ಗುಣಮಟ್ಟದವರ ತಡೆಗೆ) ತಳ್ಳುತ್ತೆ, ಬಿಡಿಸೋಕೆ ಮೂರು ಜನರ ಅಪ್ರೂವಲ್ ಬೇಕು. ಅದಕ್ಕೇ ಸ್ಟೋರ್ಸಿನವರು ಯಾರೂ ಅಲ್ಲಿ ಏನೂ ಬರೆಯಲ್ಲ.

ಮೂರು ವಾರ ಬಿಟ್ಟು ಅಕೌಂಟ್ಸಿನವರು ಡಿಟೆನ್ಷನ್ (ಕಂಟೇನರ್ ಹೆಚ್ಚು ದಿನ ಇಟ್ಟುಕೊಂಡಿದ್ದರ ಚಾರ್ಜ್), ಮರುಬುಕಿಂಗ್ ಎಲ್ಲ ಸೇರಿಸಿ 1,84,000 ರೂಪಾಯಿ ನಷ್ಟ ನಿಮ್ಮ ಲೆಕ್ಕಕ್ಕೆ ಅಂತ ಸಪ್ಲೈಯರಿಗೆ ಡೆಬಿಟ್ ನೋಟ್ ಕಳಿಸಿದರು. ಸಪ್ಲೈಯರ್ ಕಡೆಯ ವಕೀಲರಿಂದ ಎರಡೇ ಪುಟದ ಉತ್ತರ ಬಂತು, ಜೊತೆಗೆ ನನ್ನ "ಓಕೆ"ಯ ಜೆರಾಕ್ಸ್.

1872ರ ಕರಾರು ಕಾಯ್ದೆಯ 55ನೇ ಕಲಮಂತೆ. ಕರಾರಿನಲ್ಲಿ ಸಮಯವೇ ಮುಖ್ಯ ಅಂತಿದ್ದು ಮಾಲು ತಡವಾದರೆ, ಕೊಳ್ಳುವವರು ಕರಾರನ್ನೇ ರದ್ದು ಮಾಡಬಹುದು. ಆದರೆ ತಡವಾದ ಮಾಲನ್ನು ತಗೊಳ್ಳೋದಾದರೆ, ತಗೊಳ್ಳುವಾಗಲೇ "ಇದರ ನಷ್ಟ ಕೇಳ್ತೀವಿ" ಅಂತ ತಿಳಿಸಬೇಕು. ತಿಳಿಸದಿದ್ದರೆ ತಡದ ಪರಿಹಾರ ಕೇಳೋ ಹಾಗಿಲ್ಲ. "ಟೈಮ್ ಈಸ್ ದಿ ಎಸೆನ್ಸ್" ಅಂತ ಪಿಒದಲ್ಲಿ ದಪ್ಪಕ್ಷರದಲ್ಲಿ ಹಾಕಿಸಿದ್ದು ನಮ್ಮ ಪರ್ಚೇಸ್ ಮ್ಯಾನೇಜರೇ. ತಡವಾದರೆ ಇಷ್ಟು ಪರಿಹಾರ ಅಂತ ಮೊದಲೇ ಬರೆಯೋ ಎಲ್‌ಡಿ ಕಾಲಂ ಮಾತ್ರ ಖಾಲಿ ಬಿಟ್ಟಿದ್ದರು. ಅದನ್ನು ಮೀಟಿಂಗಿನಲ್ಲಿ ಯಾರೂ ಎತ್ತಲಿಲ್ಲ, ಪ್ರೊಜೆಕ್ಟರಿನಲ್ಲಿ ಹಾಕಿದ್ದು ನನ್ನ ಸಹಿಯನ್ನ.

ನಮ್ಮ ವಕೀಲರು ಓದಿ ನಕ್ಕರು. "ಅಲ್ರೀ, ಹೊತ್ತಲ್ಲದ ಹೊತ್ತಲ್ಲಿ ಮಾಲು ತಂದರೆ ಬೇಡ ಅನ್ನಬಹುದಿತ್ತಲ್ಲ? 1930ರ ಸರಕು ಮಾರಾಟ ಕಾಯ್ದೆಯ 36ನೇ ಕಲಂ ಇರೋದೇ ಅದಕ್ಕೆ." ರಾತ್ರಿ 9:40 ಹೊತ್ತಲ್ಲದ ಹೊತ್ತೋ ಅಲ್ವೋ ಅನ್ನೋದು ವಾದದ ಮಾತು ಬಿಡಿ. ಅವತ್ತು ಗಾಡಿ ವಾಪಸ್ ಕಳಿಸಿದ್ದರೆ ಮುಂದಿನ ಹಡಗಿಗೂ ಕ್ರೇಟ್ ಇರ್ತಿರಲಿಲ್ಲ, ಸೋಮವಾರ ಬೈಸಿಕೊಳ್ಳುತ್ತಿದ್ದವನೂ ನಾನೇ.

ಸಪ್ಲೈಯರ್ ಎಂಎಸ್‌ಎಂಇ (ಸಣ್ಣ ಉದ್ಯಮ) ಬೇರೆ. ಅವರ ಬಿಲ್ಲಿನ ದುಡ್ಡು ಕೊಡೋದು 45 ದಿನ ದಾಟಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. 44ನೇ ದಿನ ಪೂರ್ತಿ ದುಡ್ಡು ಹೋಯಿತು.

ಈಗ ನನ್ನ ಡ್ರಾಯರಿನಲ್ಲಿ ಒಂದು ರಬ್ಬರ್ ಸ್ಟಾಂಪಿದೆ: "ತಡವಾಗಿ ಬಂದ ಮಾಲು. ನಷ್ಟ ಪರಿಹಾರ ಕೇಳುವ ಹಕ್ಕು ಉಳಿಸಿಕೊಂಡು ಸ್ವೀಕರಿಸಿದೆ." ಡ್ರೈವರುಗಳು ಅದನ್ನು ನೋಡಿ ಮುಖ ಗಂಟಿಕ್ಕಿಕೊಳ್ತಾರೆ. ರಿಮಾರ್ಕ್ಸ್ ಕಾಟಕ್ಕೆ ಐಟಿಯವರಿಗೆ ಹಾಕಿದ ಟಿಕೆಟ್ ಇನ್ನೂ ಓಪನ್ ಇದೆ. ಸ್ಟಾಂಪಿಗೆ ಕೈಯಿಂದ ಕೊಟ್ಟ 180 ರೂಪಾಯಿ ವೋಚರನ್ನೂ ಅಕೌಂಟ್ಸಿನವರು ವಾಪಸ್ ಕಳಿಸಿದ್ದಾರೆ, ಪಿಒ ಇಲ್ಲವಂತೆ.