ಅಸಿಟೋನ್ ಭಟ್ಟಿ: ಮೂರನೇ ಭಾನುವಾರ

ಅಸಿಟೋನ್ (ನೇಲ್ ಪಾಲಿಶ್ ತೆಗೆಯುವ ದ್ರವ) ಮತ್ತು ನೀರನ್ನು ಬೆರೆಸಿ ಕಾಯಿಸಿ, ಆವಿಯನ್ನು ತಣಿಸಿ ಅಸಿಟೋನನ್ನು ಮತ್ತೆ ಬೇರ್ಪಡಿಸುವುದು ನನ್ನ ಭಾನುವಾರದ ಪ್ರಯೋಗ. ಇವತ್ತು ಬದಲಾಯಿಸಿದ್ದು ಹನಿ ಇಳಿಸುವ ವೇಗ ಮಾತ್ರ. ಫ್ಲಾಸ್ಕಿಗೆ ಹಾಕಿದ್ದು ಹೋದ ವಾರದ್ದೇ ಅಳತೆ: 200 ಮಿ.ಲೀ. ಅಸಿಟೋನ್, 200 ಮಿ.ಲೀ. ನೀರು. ಫ್ಲಾಸ್ಕಿನ ಮೇಲೆ ನಿಲ್ಲಿಸಿದ ಉದ್ದ ಕೊಳವೆ, ಅಂದರೆ ಕಾಲಮ್ಮೂ ಅದೇ. ಒಳಗೆ ತುಂಬಿರುವುದು ಒಡೆದ ಗಾಜಿನ ಬಳೆಯ ಚೂರು. (ಮೊದಲ ವಾರ ಬಳೆಯ ಚಿನ್ನದ ಬಣ್ಣ ಅಸಿಟೋನಿಗೆ ಬಿಟ್ಟುಕೊಂಡು ಎಲ್ಲ ಹಾಳಾಯಿತು. ಮೊದಲೇ ಅಸಿಟೋನಿನಲ್ಲಿ ನೆನೆಸಿ ಉಜ್ಜಿಬಿಡಿ.)

ಆವಿ ತಣಿದು ಹೊರಗೆ ಇಳಿದದ್ದನ್ನು 50 ಮಿ.ಲೀ.ಗೊಮ್ಮೆ ತೂಗಿದೆ. ಬರೀ ಅಸಿಟೋನ್ ಆದರೆ ಸುಮಾರು 39.5 ಗ್ರಾಂ, ಬರೀ ನೀರಾದರೆ 50. ತೂಕ ಜಾಸ್ತಿ ಬಂದಷ್ಟೂ ನೀರು ಸೇರಿದೆ ಎಂದರ್ಥ.

ಹೋದ ವಾರ, ಹನಿ ಎಣಿಸಲಾಗದಷ್ಟು ಜೋರಾಗಿ: 40.3, 40.6, 41.5, 45.1.
ಇವತ್ತು, ಸೆಕೆಂಡಿಗೆ ಒಂದೇ ಹನಿ: 39.6, 39.6, 39.7, 40.6.

ನಾಲ್ಕನೇ ಬಾಟಲಿ ನೋಡಿ ತುಂಬಾ ಖುಷಿಯಾಯಿತು. ಮೂರು ಗಂಟೆ ಕೂತಿದ್ದು ಸಾರ್ಥಕ.

ಥರ್ಮಾಮೀಟರ್ ಕೂಡ ಇದನ್ನೇ ಹೇಳಿತು. ಚಿಕ್ಕಮಗಳೂರು ಸಮುದ್ರಮಟ್ಟದಿಂದ 1,000 ಮೀಟರಿಗಿಂತ ಮೇಲಿದೆ. ಇಲ್ಲಿ ನೀರು ಕುದಿಯುವುದು 96–97 ಡಿಗ್ರಿಗೆ, ಅಸಿಟೋನ್ 53ರ ಆಸುಪಾಸಿಗೆ. ಪುಸ್ತಕದ 100 ಮತ್ತು 56 ಇಲ್ಲಿ ಕಾಣುವುದಿಲ್ಲ. ಹೋದ ವಾರ ಪಾದರಸ ಎಲ್ಲೂ ನಿಲ್ಲದೆ ಏರುತ್ತಲೇ ಹೋಗಿತ್ತು. ಇವತ್ತು 53–54ರಲ್ಲಿ ಬಹಳ ಹೊತ್ತು ನಿಂತು, ಕೊನೆಗೆ ಸರ್‍ರನೆ ಮೇಲೆ ಹೋಯಿತು.

ಕಾರಣ ಕಾಲಮ್ಮಿನೊಳಗಿದೆ. ಮೇಲೇರುವ ಆವಿಯಲ್ಲಿ ಒಂದಿಷ್ಟು ತಣಿದು ಬಳೆಚೂರಿನ ಮೇಲೆ ಕೆಳಗಿಳಿಯುತ್ತದೆ. ಏರುವ ಆವಿ, ಇಳಿಯುವ ಹನಿ ಎದುರಾದಾಗಲೆಲ್ಲ ನೀರು ಹನಿಗೆ ಸೇರುತ್ತದೆ, ಅಸಿಟೋನ್ ಆವಿಗೆ. ಈ ಅದಲುಬದಲಿಗೆ ಹೊತ್ತು ಬೇಕು, ಇಳಿಯುವ ಹನಿಯೂ ಸಾಕಷ್ಟಿರಬೇಕು. ಜೋರಾಗಿ ಕಾಯಿಸಿದರೆ ಆವಿ ನೀರನ್ನೂ ಎಳೆದುಕೊಂಡು ಓಡುತ್ತದೆ. ಇನ್ನೂ ಜೋರಾದರೆ ಇಳಿಯುವ ದ್ರವಕ್ಕೆ ದಾರಿಯೇ ಸಿಗದೆ ಕಾಲಮ್ಮಿನಲ್ಲೇ ಕಟ್ಟಿಕೊಳ್ಳುತ್ತದೆ.

ಹಾಗಂತ ತೀರಾ ನಿಧಾನವೂ ಆಗದು. ಐದು ಸೆಕೆಂಡಿಗೊಂದು ಹನಿ ಮಾಡಲು ಹೋದೆ. ಜಗಲಿಯಲ್ಲಿ ಮಳೆಗಾಳಿ ಬೀಸಿತು ನೋಡಿ, ಆವಿ ತುದಿ ಮುಟ್ಟುವ ಮೊದಲೇ ತಣಿದು ವಾಪಸ್ ಇಳಿಯಿತು. ಹನಿ ನಿಂತೇಹೋಯಿತು. ಕಾಫಿ ಗೋಣಿಚೀಲ ಹರಿದು ಕಾಲಮ್ಮಿನ ಕೆಳಗಿನ ಅರ್ಧಕ್ಕೆ ಸುತ್ತಿದೆ, ಮೇಲಿನರ್ಧ ಹಾಗೇ ಬಿಟ್ಟೆ. ಪೂರ್ತಿ ಸುತ್ತಿದರೆ ತಣಿದು ಇಳಿಯುವುದೇ ಕಡಿಮೆಯಾಗುತ್ತದೆ ಅಲ್ವಾ? ಹತ್ತು ನಿಮಿಷದಲ್ಲಿ ಹನಿ ಮತ್ತೆ ಶುರುವಾಯಿತು.

ಒಂದು ಮಾತು: ಅಸಿಟೋನ್ ಆವಿ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ಗ್ಯಾಸ್ ಒಲೆ, ಬೀಡಿ, ಸಿಗರೇಟು ಹತ್ತಿರ ಬರಕೂಡದು. ನಾನು ಕಾಯಿಸುವುದು ಬೆಂಕಿಯಿಲ್ಲದೆ, ಫ್ಲಾಸ್ಕ್ ಕೂರಿಸುವ ಎಲೆಕ್ಟ್ರಿಕ್ ಮ್ಯಾಂಟಲ್‌ನಲ್ಲಿ, ಗಾಳಿಯಾಡುವ ಜಗಲಿಯಲ್ಲೇ.

ಮುಂದಿನ ಭಾನುವಾರ ಗೋಣಿಯನ್ನು ನಾಲ್ಕು ಬೆರಳು ಮೇಲಕ್ಕೆ ಸುತ್ತಿ, ಇದೇ ವೇಗದಲ್ಲಿ ಮತ್ತೆ ತೂಗುತ್ತೇನೆ.